ತಿರುಚಿರಾಪಳ್ಳಿಯ ಕರಾರು: ಪರಕೀಯ ಕಂಪನಿಗಳೂ ಮೈಸೂರಿನ ರಾಜತಂತ್ರವೂ (೧೭೫೧–೧೭೫೫)

ಮೈಸೂರಿನ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ತಿರುಚಿರಾಪಳ್ಳಿ ದಂಡಯಾತ್ರೆಯನ್ನು ಹೈದರಾಲಿಯ ಅಭ್ಯುದಯಕ್ಕೆ ಪೀಠಿಕೆಯೆಂದು ಬಗೆದು ನಾಲ್ಕಾರು ಪುಟಗಳಲ್ಲಿ ಮುಗಿಸಿಬಿಡುತ್ತಾರೆ. ದುರಾಶೆಗೆ ಸಿಕ್ಕಿದ ಮಂತ್ರಿಯೊಬ್ಬನು ತನ್ನದಲ್ಲದ ಜಗಳಕ್ಕೆ ಕೈಹಾಕಿ, ಮೂರು ವರ್ಷಕ್ಕೂ ಹೆಚ್ಚುಕಾಲ ಪರನಾಡಿನಲ್ಲಿ ಬೀಡುಬಿಟ್ಟು, ಬೊಕ್ಕಸವನ್ನು ಬರಿದುಮಾಡಿ ಬರಿಗೈಯಲ್ಲಿ ಹಿಂದಿರುಗಿದನೆಂಬುದು ಅವರ ತೀರ್ಪು. ಈ ತೀರ್ಪು ಪೂರ್ತಿಯಾಗಿ ಸುಳ್ಳೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಈ ಪ್ರಕರಣದಲ್ಲಿ ಒಬ್ಬ ಮಂತ್ರಿಯ ಗುಣದೋಷಗಳಿಗಿಂತ ದೊಡ್ಡದಾದ ಪ್ರಶ್ನೆಯೊಂದು ಅಡಗಿದೆ. ನೆರೆರಾಜ್ಯದ ಉತ್ತರಾಧಿಕಾರದ ಜಗಳದಲ್ಲಿ ಸಮುದ್ರದಾಚೆಯ ಶಕ್ತಿಗಳೆರಡು ಎರಡು ಪಕ್ಷಗಳ ಬೆನ್ನಿಗೆ ನಿಂತಾಗ, ನಡುವೆ ಸಿಕ್ಕಿದ ಸಣ್ಣ ರಾಜ್ಯವೊಂದು ಯಾರೊಡನೆ ಮಾತನಾಡಬೇಕು, ಯಾರ ಮಾತನ್ನು ಮಾತೆಂದು ನಂಬಬೇಕು ಎಂಬುದೇ ಆ ಪ್ರಶ್ನೆ. ಮೈಸೂರು ಈ ಪ್ರಶ್ನೆಯನ್ನು ಎದುರಿಸಿದ್ದು ಇದೇ ಮೊದಲು. ಅದಕ್ಕೆ ಕೊಟ್ಟ ಉತ್ತರ ತಪ್ಪಾಯಿತು. ಹೇಗೆ ತಪ್ಪಾಯಿತೆಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಉಚಿತ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ಕಾಲದ ಕಂಪನಿಯ ಕಾಗದಗಳಲ್ಲಿ ‘ಕರ್ನಾಟಕ’ವೆಂದರೆ ಘಟ್ಟದ ಕೆಳಗಿನ ಪೂರ್ವಕರಾವಳಿ, ಆರ್ಕಾಟಿನ ನವಾಬನ ಸೀಮೆ, ನಮ್ಮ ಕನ್ನಡನಾಡಲ್ಲ. ನಮ್ಮ ನಾಡಿನ ಹೆಸರು ಹೇಗೆ ಘಟ್ಟವಿಳಿದು ಅನ್ಯರ ಪಾಲಾಯಿತೆಂಬುದು ಬೇರೆಯೇ ಒಂದು ಕಥೆ. ಓದುವವರಿಗೆ ಗೊಂದಲವಾಗದಿರಲೆಂದು ಇಲ್ಲಿ ಅದನ್ನು ಆರ್ಕಾಟು ಸೀಮೆಯೆಂದೇ ಕರೆಯಲಾಗಿದೆ.

ಮೈಸೂರಿಗೂ ತಿರುಚಿರಾಪಳ್ಳಿಗೂ ಸಂಬಂಧವನ್ನು ಕಲ್ಪಿಸಿದವಳು ಕಾವೇರಿ. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಿರುಚಿರಾಪಳ್ಳಿಯ ಮಗ್ಗುಲಿನ ಶ್ರೀರಂಗದ ಅಂತ್ಯರಂಗ, ಈ ಮೂರನ್ನೂ ಒಂದೇ ಯಾತ್ರೆಯ ಮೂರು ಮಜಲುಗಳೆಂದು ನಮ್ಮ ಜನ ಎಣಿಸುತ್ತ ಬಂದಿದ್ದಾರೆ. ಶ್ರದ್ಧೆಯ ದಾರಿಯೇ ದಂಡಿನ ದಾರಿಯೂ ಆಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ದಳವಾಯಿ ಕುಮಾರಯ್ಯನು ತಿರುಚಿರಾಪಳ್ಳಿಯನ್ನು ಮುತ್ತಿ, ಮರಾಠರಿಂದ ಸೋತು ಹಿಮ್ಮೆಟ್ಟಿದ್ದನು. ಕೊಯಮತ್ತೂರು, ಸೇಲಂ ಸೀಮೆಗಳು ಕೈಸೇರಿದಮೇಲೆ ಮೈಸೂರಿನ ಗಡಿ ಕರೂರಿನವರೆಗೆ ಚಾಚಿತ್ತು. ಅಲ್ಲಿಂದ ಹೊಳೆಯ ಗುಂಟ ಕೆಲವು ದಿನಗಳ ಪಯಣದಲ್ಲಿ ತಿರುಚಿರಾಪಳ್ಳಿಯ ಬಂಡೆಯ ಕೋಟೆ ಕಣ್ಣಿಗೆ ಬೀಳುವುದು.

ಆ ಕೋಟೆಯ ಒಡೆತನವಾದರೂ ಎಷ್ಟು ಗಟ್ಟಿಯಾಗಿತ್ತು? ೧೭೩೬ರಲ್ಲಿ ಚಂದಾಸಾಹೇಬನು ನಾಯಕವಂಶದ ರಾಣಿ ಮೀನಾಕ್ಷಿಯನ್ನು ವಂಚಿಸಿ ಅದನ್ನು ಕಿತ್ತುಕೊಂಡನು. ೧೭೪೧ರಲ್ಲಿ ಮರಾಠರು ಅವನನ್ನು ಸೆರೆಹಿಡಿದು ಕೋಟೆಯನ್ನು ಮುರಾರಿರಾಯನ ವಶಕ್ಕೆ ಕೊಟ್ಟರು. ೧೭೪೩ರಲ್ಲಿ ನಿಜಾಮುಲ್ಮುಲ್ಕನು ಮುರಾರಿರಾಯನಿಂದ ಅದನ್ನು ಬಿಡಿಸಿಕೊಂಡನು. ಏಳೆಂಟು ವರ್ಷಗಳಲ್ಲಿ ಮೂರು ಬಾರಿ ಕೈ ಬದಲಾಯಿಸಿದ ಕೋಟೆ ನಾಲ್ಕನೆಯ ಬಾರಿ ಮೈಸೂರಿಗೆ ಬಂದೀತೆಂದು ನಂಜರಾಜಯ್ಯನು ಆಶಿಸಿದ್ದರಲ್ಲಿ ಹುಚ್ಚುತನವೇನೂ ಇರಲಿಲ್ಲವೆಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು.

೧೭೪೮ರಲ್ಲಿ ನಿಜಾಮುಲ್ಮುಲ್ಕನು ತೀರಿಕೊಂಡನು. ದಖ್ಖನ್ನಿನ ಸುಬೇದಾರಿಗೆ ಅವನ ಮಗ ನಾಸಿರ್‌ಜಂಗನೂ ಮಗಳ ಮಗ ಮುಜಫರ್‌ಜಂಗನೂ ಸ್ಪರ್ಧಿಗಳಾದರು. ಆರ್ಕಾಟಿನ ನವಾಬಗಿರಿಗೆ ಅನ್ವರುದ್ದೀನನ ಎದುರಾಗಿ ಚಂದಾಸಾಹೇಬನು ಎದ್ದನು. ಪುದುಚೇರಿಯ ಗವರ್ನರ್ ಡೂಪ್ಲೆಯು ಮುಜಫರ್‌ಜಂಗ ಮತ್ತು ಚಂದಾಸಾಹೇಬರ ಪಕ್ಷವನ್ನು ಹಿಡಿದನು. ೧೭೪೯ರ ಆಗಸ್ಟಿನಲ್ಲಿ ಆಂಬೂರಿನ ಕಾಳಗದಲ್ಲಿ ಅನ್ವರುದ್ದೀನನು ಮಡಿದನು. ಅವನ ಮಗ ಮಹಮ್ಮದಾಲಿಯು ತಿರುಚಿರಾಪಳ್ಳಿಗೆ ಓಡಿ ಅಲ್ಲಿ ನೆಲೆನಿಂತನು. ಇಂಗ್ಲಿಷರು ಅವನ ಬೆಂಬಲಕ್ಕೆ ಬಂದರು. ನಾಸಿರ್‌ಜಂಗನ ಕರೆಯ ಮೇರೆಗೆ ೧೭೫೦ರಲ್ಲಿ ಮೈಸೂರಿನ ಒಂದು ತುಕಡಿಯೂ ಘಟ್ಟದ ಕೆಳಗೆ ಹೋಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸೆಂಜಿಯ ಬಳಿ ನಾಸಿರ್‌ಜಂಗನು ತನ್ನವರ ದ್ರೋಹದಿಂದಲೇ ಕೊಲೆಯಾದಾಗ ಹೈದರಾಲಿಯು ಆ ಗೊಂದಲದಲ್ಲಿ ಸ್ವಲ್ಪ ದ್ರವ್ಯವನ್ನು ದಕ್ಕಿಸಿಕೊಂಡು ಬಂದನೆಂದು ವಿಲ್ಕ್ಸನು ಹೇಳುತ್ತಾನೆ. ಆಂಗ್ಲ-ಫ್ರೆಂಚ್ ದಂಡುಗಳ ಯುದ್ಧಕ್ರಮವನ್ನು ಮೈಸೂರಿನವರು ಹತ್ತಿರದಿಂದ ನೋಡಿದ್ದೂ ಆಗಲೇ.

ಇಲ್ಲಿ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ೧೭೪೮ರ ಎಕ್ಸ್‌–ಲಾ–ಶಪೆಲ್ ಒಪ್ಪಂದದಿಂದ ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಶಾಂತಿಯಾಗಿತ್ತು. ಆದಕಾರಣ ಇಲ್ಲಿ ಪರಸ್ಪರ ಗುಂಡು ಹಾರಿಸುತ್ತಿದ್ದ ಕಂಪನಿಗಳೆರಡೂ ಶಾಸ್ತ್ರರೀತ್ಯಾ ಯುದ್ಧದಲ್ಲಿರಲಿಲ್ಲ! ಒಬ್ಬರು ಚಂದಾಸಾಹೇಬನ ಸಹಾಯಕರು, ಮತ್ತೊಬ್ಬರು ಮಹಮ್ಮದಾಲಿಯ ಸಹಾಯಕರು, ಅಷ್ಟೆ. ಯುದ್ಧದ ಲಾಭವೆಲ್ಲ ಕಂಪನಿಗೆ, ಯುದ್ಧದ ಹೊಣೆಯೆಲ್ಲ ನವಾಬನಿಗೆ ಎಂಬ ಈ ಏರ್ಪಾಡು ಎಷ್ಟು ಅನುಕೂಲವಾದುದೆಂಬುದನ್ನು ಮದರಾಸೂ ಪುದುಚೇರಿಯೂ ಬೇಗನೆ ಕಂಡುಕೊಂಡವು. ಮೈಸೂರು ಅದನ್ನು ಕಂಡುಕೊಂಡದ್ದು ತಡವಾಗಿ.

೧೭೫೧ರಲ್ಲಿ ಚಂದಾಸಾಹೇಬನೂ ಫ್ರೆಂಚರೂ ತಿರುಚಿರಾಪಳ್ಳಿಯನ್ನು ಮುತ್ತಿದರು. ಮಹಮ್ಮದಾಲಿಯ ಕೈಯಲ್ಲಿ ಹಣವಿಲ್ಲ, ಇಂಗ್ಲಿಷರ ಸಹಾಯ ಅಲ್ಪ, ಮುತ್ತಿಗೆ ಬಿಗಿಯಾಗುತ್ತಿತ್ತು. ಆಗ ಅವನ ವಕೀಲನು ಶ್ರೀರಂಗಪಟ್ಟಣಕ್ಕೆ ಬಂದನು. ಮೈಸೂರಿನ ದಂಡು ಬಂದು ಚಂದಾಸಾಹೇಬನನ್ನು ಅಡಗಿಸಿದಲ್ಲಿ ತಿರುಚಿರಾಪಳ್ಳಿಯನ್ನೂ ಅದಕ್ಕೆ ಸೇರಿದ, ಕನ್ಯಾಕುಮಾರಿಯವರೆಗಿನ ಸೀಮೆಯನ್ನೂ ಮೈಸೂರಿಗೆ ಬಿಟ್ಟುಕೊಡುವುದಾಗಿ ಕರಾರಾಯಿತು. ಈ ಕರಾರು ಗುಟ್ಟಾಗಿತ್ತು. ಅದೇ ಕೋಟೆಯೊಳಗೆ ಕಾವಲಿದ್ದ ಇಂಗ್ಲಿಷರಿಗೆ ನವಾಬನು ಅದನ್ನು ತಿಳಿಸಲಿಲ್ಲ. ತಿಳಿಸಬೇಕೆಂದು ಮೈಸೂರೂ ಕೇಳಲಿಲ್ಲ. ಮುಂದಿನ ಅನರ್ಥಕ್ಕೆಲ್ಲ ಬೀಜ ಇಲ್ಲಿದೆಯೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಆಗ ಮೈಸೂರಿನ ಸಿಂಹಾಸನದಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರಿದ್ದರು. ಆದರೆ ಅಧಿಕಾರವೆಲ್ಲ ಕಳಲೆಯ ಮನೆತನದ ಸೋದರರಾದ ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಇವರ ಕೈಯಲ್ಲಿತ್ತು. ನಂಜರಾಜಯ್ಯನು ಅರಸರಿಗೆ ಹೆಣ್ಣುಕೊಟ್ಟ ಮಾವ. ಈ ಸಾಹಸ ಬೇಡವೆಂದು ಹಿರಿಯನಾದ ದೇವರಾಜಯ್ಯನು ಹೇಳಿದನು; ಕಿರಿಯನು ಕೇಳಲಿಲ್ಲ. ನಂಜರಾಜಯ್ಯನನ್ನು ಬರಿಯ ಅಧಿಕಾರದಾಹಿಯೆಂದು ಚಿತ್ರಿಸುವುದು ವಾಡಿಕೆಯಾಗಿದೆ. ಆದರೆ ಕನ್ನಡ ಸಾಹಿತ್ಯದ ಚರಿತ್ರೆ ಅವನನ್ನು ಬೇರೆ ರೀತಿಯಲ್ಲಿ ಬಲ್ಲದು. ‘ಕಕುದ್ಗಿರಿಮಾಹಾತ್ಮ್ಯ’, ‘ಶಿವಭಕ್ತಿವಿಲಾಸ’, ‘ಹಾಲಾಸ್ಯಮಾಹಾತ್ಮ್ಯ’ ಮೊದಲಾದ ಗ್ರಂಥಗಳು ಅವನ ಹೆಸರಿನಲ್ಲಿವೆ. ನೃಸಿಂಹಕವಿಯ ಸಂಸ್ಕೃತ ಅಲಂಕಾರಗ್ರಂಥ ‘ನಂಜರಾಜಯಶೋಭೂಷಣ’ಕ್ಕೆ ಅವನೇ ನಾಯಕ. ಹಾಲಾಸ್ಯವೆಂದರೆ ಮಧುರೆ. ಮಧುರೆಯ ಸೋಮಸುಂದರನ ಲೀಲೆಗಳನ್ನು ಕನ್ನಡಿಸಿದವನಿಗೆ ಮಧುರೆಯನ್ನೂ ಒಳಗೊಂಡ ಸೀಮೆಯನ್ನು ಕೊಡುವೆನೆಂದು ನವಾಬನೊಬ್ಬನು ಮಾತುಕೊಟ್ಟನೆಂಬುದು ಕಾಕತಾಳೀಯವೇ ಇರಬಹುದು; ಅದರಿಂದ ನಾವು ಯಾವ ನಿರ್ಣಯವನ್ನೂ ತೆಗೆಯಬೇಕಾಗಿಲ್ಲ. ಆದರೆ ದಕ್ಷಿಣದ ಆ ನಾಡು ನಂಜರಾಜಯ್ಯನಿಗೆ ಕಂದಾಯದ ಲೆಕ್ಕವೊಂದೇ ಆಗಿರಲಿಲ್ಲವೆಂದು ತೋರುತ್ತದೆ.

೧೭೫೨ರ ಆರಂಭದಲ್ಲಿ ಮೈಸೂರಿನ ದಂಡು ತಿರುಚಿರಾಪಳ್ಳಿಯನ್ನು ತಲುಪಿತು. ಹಣಕೊಟ್ಟು ಕರೆತಂದ ಗುತ್ತಿಯ ಮುರಾರಿರಾಯನ ಆರು ಸಾವಿರ ಮರಾಠ ಕುದುರೆಯೂ ಸೇರಿ ಒಟ್ಟು ಬಲ ಸುಮಾರು ೨೦,೦೦೦. ಆರ್ಕಾಟನ್ನು ಹಿಡಿದು ಕ್ಲೈವನು ಪಡೆದ ಕೀರ್ತಿಯನ್ನು ಶಾಲೆಯ ಪುಸ್ತಕಗಳೆಲ್ಲ ಹಾಡುತ್ತವೆ. ಆದರೆ ಮುತ್ತಿಗೆಯ ತಕ್ಕಡಿಯನ್ನು ನಿಜವಾಗಿ ಬಗ್ಗಿಸಿದ್ದರಲ್ಲಿ ಈ ದಂಡಿನ ಪಾಲು ದೊಡ್ಡದು; ಮೈಸೂರು ಮಹಮ್ಮದಾಲಿಯ ಪಕ್ಷಕ್ಕೆ ಬಂದದ್ದನ್ನು ಕಂಡೇ ತಂಜಾವೂರಿನ ಪ್ರತಾಪಸಿಂಹನೂ ತನ್ನ ಅನುಮಾನವನ್ನು ಬಿಟ್ಟು ಸೇನಾಪತಿ ಮಾನೋಜಿಯನ್ನು ಕಳುಹಿಸಿದನು. ಜೂನ್ ತಿಂಗಳಲ್ಲಿ ಫ್ರೆಂಚ್ ಸೇನಾನಿ ಲಾ ಎಂಬುವನು ಶ್ರೀರಂಗದ್ವೀಪದಲ್ಲಿ ಶರಣಾದನು. ಚಂದಾಸಾಹೇಬನು ಮಾನೋಜಿಯ ಆಶ್ವಾಸನವನ್ನು ನಂಬಿ ಅವನ ಬೀಡಿಗೆ ಹೋಗಿ ಸೆರೆಸಿಕ್ಕಿದನು. ಈ ಸೆರೆಯಾಳು ತಮಗೆ ಬೇಕೆಂದು ಮೈಸೂರಿನವರು, ಮರಾಠರು, ಇಂಗ್ಲಿಷರು ಎಲ್ಲರೂ ಹಟಹಿಡಿದರು. ಯಾರಿಗೆ ಕೊಟ್ಟರೂ ಮಿಕ್ಕವರ ವೈರ ತಪ್ಪದೆಂದು ಕಂಡ ಮಾನೋಜಿಯು ಅವನ ತಲೆಯನ್ನು ಕಡಿಸಿ ವಾದವನ್ನು ಮುಗಿಸಿದನು.

ಚಂದಾಸಾಹೇಬನ ತಲೆ ಉರುಳಿದೊಡನೆ ಕರಾರಿನ ಷರತ್ತು ನೆರವೇರಿದಂತಾಯಿತು. ಇಂಗ್ಲಿಷರು ಉತ್ತರಕ್ಕೆ ಹೊರಡಲು ಸಿದ್ಧರಾದಾಗ ನಂಜರಾಜಯ್ಯನು ತಾನು ಹೊರಡುವುದಿಲ್ಲವೆಂದನು; ಮೊದಲು ಕೋಟೆ ಕೈಗೆ ಬರಬೇಕು. ಕಂಪನಿಯವರಿಗೆ ಕರಾರಿನ ಸುದ್ದಿ ತಿಳಿದದ್ದು ಆಗ. ಮುರಾರಿರಾಯನು ಮಧ್ಯಸ್ಥನಾಗಿ ನಿಂತನು. ಹತ್ತು ವರ್ಷದ ಹಿಂದೆ ತಾನೇ ಆ ಕೋಟೆಯ ಒಡೆಯನಾಗಿದ್ದವನ ಮಧ್ಯಸ್ಥಿಕೆ ಎಷ್ಟು ನಿಷ್ಪಕ್ಷಪಾತವಾಗಿದ್ದೀತೆಂಬುದನ್ನು ಹೇಳಬೇಕಾಗಿಲ್ಲ. ನವಾಬನು ಮೊದಲು ಎರಡು ತಿಂಗಳ ಅವಧಿ ಕೇಳಿದನು. ಅಷ್ಟರಲ್ಲಿ ತನ್ನ ಕುಟುಂಬವನ್ನು ಆರ್ಕಾಟಿಗೆ ಸಾಗಿಸಿ ಕೋಟೆಯನ್ನು ಒಪ್ಪಿಸುವುದಾಗಿ ಹೇಳಿದನು. ಸಮಾಧಾನಕ್ಕೆಂದು ಶ್ರೀರಂಗದ್ವೀಪವನ್ನು ಬಿಟ್ಟುಕೊಟ್ಟು, ಮೈಸೂರಿನ ಏಳುನೂರು ಮಂದಿಯನ್ನು ಗೋಪಾಲರಾಜನ ಮುಂದಾಳುತನದಲ್ಲಿ ಕೋಟೆಯೊಳಗೆ ಬಿಟ್ಟುಕೊಂಡನು. ಆದರೆ ಮುರಾರಿರಾಯನೊಡನೆ ಏಕಾಂತದಲ್ಲಿ ಅವನು ಆಡಿದ ಮಾತಿನ ತಾತ್ಪರ್ಯವೇ ಬೇರೆ. ಕೋಟೆ ತನ್ನದಲ್ಲ, ದಿಲ್ಲಿಯ ಪಾದಶಹನದು. ತಾನು ಅವನ ಪ್ರತಿನಿಧಿಮಾತ್ರ. ಪ್ರಾಣಸಂಕಟದಲ್ಲಿ ಆಡಿದ ಮಾತನ್ನು ಯಾವ ವಿವೇಕಿಯಾದರೂ ನಿಜವೆಂದು ನಂಬಿಯಾನೇ ಎಂದನಂತೆ. ದಿಲ್ಲಿಯ ಆಜ್ಞೆ ದಿಲ್ಲಿಯ ಗೋಡೆಯ ಹೊರಗೆ ನಡೆಯದಿದ್ದ ಕಾಲದಲ್ಲಿ ಹೂಡಿದ ವಾದವಿದು. ಆದರೂ ಇದನ್ನು ಬರಿಯ ನಗೆಪಾಟಲೆಂದು ತಳ್ಳಿಹಾಕುವಂತಿಲ್ಲ. ಮೈಸೂರೂ ದಖ್ಖನ್ನಿನ ಸುಬೇದಾರನಿಗೆ ಪೇಷ್ಕಷ್ ಸಲ್ಲಿಸುತ್ತಿದ್ದ ರಾಜ್ಯ. ಪಾದಶಾಹಿಯ ಹೆಸರನ್ನು ಬಹಿರಂಗವಾಗಿ ಅಲ್ಲಗಳೆಯುವ ಧೈರ್ಯ ಶ್ರೀರಂಗಪಟ್ಟಣಕ್ಕೂ ಇರಲಿಲ್ಲ.

ಇಂಗ್ಲಿಷರು ಏನು ಹೇಳಿದರು? ಮದರಾಸಿನ ಗವರ್ನರ್ ಸಾಂಡರ್ಸನ ನಿಲುವು ಸರಳವಾಗಿತ್ತು: ಇದು ನವಾಬನಿಗೂ ಮೈಸೂರಿಗೂ ಸೇರಿದ ವ್ಯವಹಾರ, ಕಂಪನಿಯು ನವಾಬನ ಮಿತ್ರನೇ ಹೊರತು ಯಜಮಾನನಲ್ಲ, ಇಬ್ಬರೂ ಸ್ನೇಹದಿಂದ ಬಗೆಹರಿಸಿಕೊಳ್ಳಲಿ. ಆದರೆ ಅದೇ ಕಾಲದಲ್ಲಿ ಕೋಟೆಯೊಳಗೆ ಕ್ಯಾಪ್ಟನ್ ಡಾಲ್ಟನ್ನನನ್ನು ಇನ್ನೂರು ಐರೋಪ್ಯರೊಡನೆ, ಹದಿನೈದು ನೂರು ಸಿಪಾಯಿಗಳೊಡನೆ ಕಾವಲಿಗೆ ನಿಲ್ಲಿಸಲಾಯಿತು. ಯಾರ ಎದುರು ಈ ಕಾವಲು? ಚಂದಾಸಾಹೇಬನು ಸತ್ತಿದ್ದನು, ಲಾ ಶರಣಾಗಿದ್ದನು. ಬಾಗಿಲ ಹೊರಗೆ ಇದ್ದವನು ನಂಜರಾಜಯ್ಯನೊಬ್ಬನೇ. ‘ನಾವು ಮಧ್ಯೆ ಬರುವುದಿಲ್ಲ’ ಎನ್ನುತ್ತಲೇ ಬಾಗಿಲ ಮಧ್ಯೆ ನಿಲ್ಲುವ ಈ ತಟಸ್ಥನೀತಿಯನ್ನು ಮೈಸೂರಿನ ವಕೀಲರು ಅರ್ಥಮಾಡಿಕೊಳ್ಳಲಾರದೆ ಹೋದರು. ನಮ್ಮ ಪಾಳೆಯಗಾರರ ಜಗಳಗಳಲ್ಲಿ ಸಹಾಯಕ್ಕೆ ಬಂದವನು ಕೂಲಿಯನ್ನು ಪಡೆದು ಹೊರಟುಹೋಗುತ್ತಿದ್ದನು. ಇಲ್ಲವೆ ತಾನೇ ಪಕ್ಷಗಾರನೆಂದು ಹೇಳಿ ಪಾಲು ಕೇಳುತ್ತಿದ್ದನು. ಸಹಾಯಕನೆಂಬ ಹೆಸರಿನಲ್ಲಿಯೇ ಉಳಿದು ಒಡೆಯನಿಗಿಂತ ಹೆಚ್ಚಿನ ಅಧಿಕಾರವನ್ನು ನಡೆಸುವ ಮೂರನೆಯ ಬಗೆ ಹೊಸದು.

ಕಂಪನಿಯ ಈ ನಡವಳಿಕೆಗೆ ಇನ್ನೊಂದು ಕಾರಣವೂ ಉಂಟು. ಯುದ್ಧದ ವೆಚ್ಚವೆಲ್ಲ ನವಾಬನ ಲೆಕ್ಕದಲ್ಲಿ ಸಾಲವಾಗಿ ಬೆಳೆಯುತ್ತಿತ್ತು. ಆ ಸಾಲಕ್ಕೆ ಅವನ ಸೀಮೆಯ ಕಂದಾಯವೇ ಆಧಾರ. ಅಡವಿಟ್ಟ ಆಸ್ತಿಯನ್ನು ಸಾಲಗಾರನು ಮೂರನೆಯವನಿಗೆ ದಾನಮಾಡಹೊರಟರೆ ಸಾಹುಕಾರನು ಸುಮ್ಮನಿರುವನೆ? ಮಹಮ್ಮದಾಲಿಯು ಮಾತನ್ನು ಉಳಿಸಿಕೊಳ್ಳಬೇಕೆಂದು ಮನಃಪೂರ್ವಕವಾಗಿ ಬಯಸಿದ್ದರೂ—ಅವನು ಬಯಸಿದನೆಂದು ನಂಬಲು ಆಧಾರವಿಲ್ಲ—ಅದು ಅವನಿಂದ ಸಾಧ್ಯವಾಗುತ್ತಿರಲಿಲ್ಲ. ಕೋಟೆಯನ್ನು ಕೊಡಬಲ್ಲವನೊಡನೆ ಮೈಸೂರು ಕರಾರು ಮಾಡಿಕೊಳ್ಳಲಿಲ್ಲ. ಕರಾರು ಮಾಡಿಕೊಟ್ಟವನಿಗೆ ಕೋಟೆಯನ್ನು ಕೊಡುವ ಶಕ್ತಿಯಿರಲಿಲ್ಲ.

ಅವಧಿ ಕಳೆಯಿತು, ಕೋಟೆ ಬರಲಿಲ್ಲ. ನಂಜರಾಜಯ್ಯನು ಹಿಂದಿರುಗಬಹುದಾಗಿತ್ತು. ಶ್ರೀರಂಗದ್ವೀಪದ ಹುಟ್ಟುವಳಿಯನ್ನೂ, ವೆಚ್ಚಕ್ಕೆಂದು ಒಂದಿಷ್ಟು ಹಣವನ್ನೂ ಪಡೆದು, ಕರಾರಿನ ಕಾಗದವನ್ನು ಮುಂದಿನ ಕಾಲಕ್ಕೆ ಕಾಪಾಡಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಮರಳಿದ್ದರೆ ಇತಿಹಾಸದ ದಾರಿ ಬೇರೆಯಾಗುತ್ತಿತ್ತೋ ಏನೋ. ಅವನು ಬೇರೆಯದನ್ನೇ ಆರಿಸಿಕೊಂಡನು. ಕೋಟೆಯೊಳಗಿನ ಕಾವಲಿನವರಿಗೆ ಲಂಚದ ಆಸೆ ತೋರಿಸಿದನು. ಕಂಪನಿಯ ಸೇವೆಯಲ್ಲಿದ್ದ ನೇಪಲ್ಸಿನ ಅಧಿಕಾರಿಯೊಬ್ಬನು ಆ ಸಂಧಾನವನ್ನು ನೇರವಾಗಿ ಡಾಲ್ಟನ್ನನಿಗೆ ತಿಳಿಸಿಬಿಟ್ಟನು. ಇತ್ತ ಇಂಗ್ಲಿಷರ ಪಾಳೆಯದಲ್ಲಿಯೂ ಇದೇ ಬಗೆಯ ಆಲೋಚನೆಗಳು ಹುಟ್ಟದಿರಲಿಲ್ಲ. ಮಾತುಕತೆಗೆ ಬಂದಾಗ ನಂಜರಾಜಯ್ಯನನ್ನೂ ಮುರಾರಿರಾಯನನ್ನೂ ಹಿಡಿದುಬಿಡಬಹುದೆಂದು ಮೇಜರ್ ಲಾರೆನ್ಸನು ಸೂಚಿಸಿದನೆಂದೂ ಮದರಾಸಿನ ಕೌನ್ಸಿಲು ಅದಕ್ಕೆ ಒಪ್ಪಲಿಲ್ಲವೆಂದೂ ಆರ್ಮನೇ ಬರೆದಿದ್ದಾನೆ. ಕರಾರಿನ ಜಗಳದಲ್ಲಿ ಧರ್ಮವೆಲ್ಲ ಒಂದೇ ಕಡೆಗಿತ್ತೆಂದು ಯಾರೂ ಹೇಳಲಾರರು.

೧೭೫೨ರ ಕೊನೆಯ ವೇಳೆಗೆ ನಂಜರಾಜಯ್ಯನು ಡೂಪ್ಲೆಯೊಡನೆ ಕೈಸೇರಿಸಿದನು. ಯಾರ ಸೋಲಿಗಾಗಿ ಘಟ್ಟವಿಳಿದು ಬಂದಿದ್ದನೋ ಅವರೇ ಈಗ ಮಿತ್ರರಾದರು. ಡೂಪ್ಲೆಯೂ ತಿರುಚಿರಾಪಳ್ಳಿಯನ್ನು ಕೊಡಿಸುವುದಾಗಿಯೇ ಹೇಳಿದನು. ಪ್ರತಿಯಾಗಿ ಮೈಸೂರಿನ ಹಣ ಪುದುಚೇರಿಗೆ ಹರಿಯತೊಡಗಿತು. ಆದರೆ ಅದೇ ಡೂಪ್ಲೆಯು ೧೭೫೩ರಲ್ಲಿ ವೇಲೂರಿನ ಮುರ್ತಜಾ ಅಲಿಯನ್ನು ಪುದುಚೇರಿಗೆ ಕರೆಸಿ ಆರ್ಕಾಟಿನ ನವಾಬನೆಂದು ಸಾರಿದನು. ತಿರುಚಿರಾಪಳ್ಳಿಯು ಆರ್ಕಾಟಿನ ಅಂಗವೆಂದಾದರೆ ಅದು ಈ ಹೊಸ ನವಾಬನದು, ಮೈಸೂರಿನದು ಹೇಗಾದೀತು? ಈ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣುವುದಿಲ್ಲ. ಒಬ್ಬ ನವಾಬನ ಬರಿಯ ಮಾತಿನಿಂದ ಕೈಸುಟ್ಟುಕೊಂಡವನು ಅದೇ ರೀತಿಯ ಇನ್ನೊಂದು ಮಾತನ್ನು, ಅದೇ ಕೋಟೆಯ ವಿಷಯದಲ್ಲಿ, ಇನ್ನೊಬ್ಬ ‘ಸಹಾಯಕ’ನಿಂದ ಕೊಂಡನು. ನಂಜರಾಜಯ್ಯನ ಮೊದಲನೆಯ ತಪ್ಪನ್ನು ಕ್ಷಮಿಸಬಹುದು. ಇದನ್ನು ಕ್ಷಮಿಸುವುದು ಕಷ್ಟ.

ಆ ಡಿಸೆಂಬರಿನಲ್ಲಿ ಡಾಲ್ಟನ್ನನು ಶ್ರೀರಂಗದಲ್ಲಿದ್ದ ಮೈಸೂರಿನ ಬೀಡಿನ ಮೇಲೆ ರಾತ್ರಿ ದಾಳಿಮಾಡಿದನು. ಕೋಟೆಯೊಳಗಿದ್ದ ಏಳುನೂರು ಮಂದಿಯನ್ನು ಹೊರಗೆ ಹಾಕಲಾಯಿತು. ಮುಂದಿನ ಎರಡು ವರ್ಷಗಳ ಕದನಗಳ ವಿವರ ಯುದ್ಧಚರಿತ್ರೆಗಳಲ್ಲಿ ಬೇಕಾದಷ್ಟು ದೊರೆಯುತ್ತದೆ. ೧೭೫೩ರ ಬೇಸಗೆಯಿಂದ ಸೆಪ್ಟೆಂಬರಿನವರೆಗೆ ಲಾರೆನ್ಸನು ಮೂರು ಬಾರಿ ಫ್ರೆಂಚರನ್ನು ಸೋಲಿಸಿದನು. ನವೆಂಬರಿನಲ್ಲಿ ಕೋಟೆಗೆ ಏಣಿ ಹಚ್ಚಿದ ಫ್ರೆಂಚರ ಪ್ರಯತ್ನವೂ ವಿಫಲವಾಯಿತು. ೧೭೫೪ರ ಫೆಬ್ರವರಿಯಲ್ಲಿ ಮಾತ್ರ ಮೈಸೂರು ಮತ್ತು ಮರಾಠ ಕುದುರೆಗಳು ಇಂಗ್ಲಿಷರ ಸಾಮಾನಿನ ಸಾಲೊಂದನ್ನು ಹಿಡಿದು ಅದರ ಕಾವಲುಪಡೆಯನ್ನು ನುಚ್ಚುನೂರು ಮಾಡಿದವು. ಅಲ್ಲಿನ ತೋಪುಗಳನ್ನು ಹೈದರಾಲಿಯು ಎಳೆದೊಯ್ದನು. ಈ ಮಧ್ಯೆ ಊರಿನ ಪ್ರಜೆಗಳ ಪಾಡು ಹೇಳತೀರದು. ಕೋಟೆಯ ಕಣಜದ ಧಾನ್ಯವನ್ನು ನವಾಬನ ಕಡೆಯ ಕಿಲ್ಲೇದಾರನೇ ಮಾರಿಕೊಂಡಿದ್ದನು. ಹೊರಗಿನಿಂದ ಅಕ್ಕಿ ತರುವ ಹಳ್ಳಿಯವರ ಮೂಗನ್ನು ಮೈಸೂರಿನ ಸವಾರರು ಕೊಯ್ದರೆಂದು ಆರ್ಮನು ಬರೆಯುತ್ತಾನೆ. ಮೂಗು ಕೊಯ್ಯುವ ಮೈಸೂರಿನ ಆ ಕಾಲದ ಕುಖ್ಯಾತಿಯನ್ನು ನೆನೆದರೆ ಇದನ್ನು ಶತ್ರುವಿನ ಕಟ್ಟುಕಥೆಯೆಂದು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಜನ ತಂಡತಂಡವಾಗಿ ಊರುಬಿಟ್ಟು ಹೋದರು. ಕರಾರು, ಸನದು, ಪ್ರತಿನಿಧಿಗಳೆಂಬ ಮಾತುಗಳ ನಡುವೆ ಈ ಜನರ ಹೆಸರು ಎಲ್ಲಿಯೂ ಬರುವುದಿಲ್ಲ.

೧೭೫೪ರ ಜನವರಿಯಲ್ಲಿ ಡಚ್ಚರ ಠಾಣ್ಯವಾದ ಸದರಾಸಿನಲ್ಲಿ ಎರಡು ಕಂಪನಿಗಳ ಪ್ರತಿನಿಧಿಗಳು ಕಲೆತರು. ಮದರಾಸಿನಿಂದ ಪಾಕ್, ವ್ಯಾನ್ಸಿಟಾರ್ಟ್ ಎಂಬಿಬ್ಬರು; ಪುದುಚೇರಿಯಿಂದ ಪಾದ್ರಿಯೊಬ್ಬನೂ ಸೇರಿ ಮೂವರು. ಫ್ರೆಂಚರು ತೋರಿಸಿದ ಸನದುಗಳ ಮುದ್ರೆಗಳು ನಿಜವೋ ಕೃತಕವೋ ಎಂಬ ವಾದದಲ್ಲಿಯೇ ಸಭೆ ಮುರಿಯಿತು. ಅಲ್ಲಿ ಸೇರಿದ್ದವರಲ್ಲಿ ಈ ನೆಲದಲ್ಲಿ ಹುಟ್ಟಿದ ರಾಜನ ಪ್ರತಿನಿಧಿಯಾಗಿ ಕುಳಿತವನು ಒಬ್ಬನೂ ಇರಲಿಲ್ಲ. ಇಬ್ಬರು ವರ್ತಕರು ಮೂರನೆಯ ವರ್ತಕನ ಮನೆಯಲ್ಲಿ ಕುಳಿತು ನಮ್ಮ ರಾಜ್ಯಗಳ ಹಣೆಬರಹವನ್ನು ಚರ್ಚಿಸುವ ಪದ್ಧತಿಯು ಹೀಗೆ ಆರಂಭವಾಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಡೂಪ್ಲೆಯ ಸ್ಥಾನಕ್ಕೆ ಗೊಡೆಹೂ ಬಂದನು. ಫ್ರಾನ್ಸಿನ ಕಂಪನಿಗೆ ಯುದ್ಧ ಸಾಕಾಗಿತ್ತು. ಅಕ್ಟೋಬರಿನಲ್ಲಿ ಕದನವಿರಾಮ, ವರ್ಷದ ಕೊನೆಗೆ ಗೊಡೆಹೂ-ಸಾಂಡರ್ಸರ ನಡುವೆ ತಾತ್ಕಾಲಿಕ ಒಪ್ಪಂದ. ಇಬ್ಬರೂ ದೇಶೀಯ ರಾಜರ ಜಗಳಗಳಲ್ಲಿ ಇನ್ನು ಮುಂದೆ ಕೈಹಾಕುವುದಿಲ್ಲವೆಂದು ಬರೆದುಕೊಂಡರು! ಮುರಾರಿರಾಯನು ಅಷ್ಟರಲ್ಲಿಯೇ ಎದುರಾಳಿಗಳ ಕಡೆಯಿಂದ ಹಣವನ್ನು ಪಡೆದು ಸರಿದುಹೋಗಿದ್ದನು. ವಿರಾಮದ ಸುದ್ದಿಯನ್ನು ತಂದವರಿಗೆ ನಂಜರಾಜಯ್ಯನು, ಈ ಒಪ್ಪಂದಕ್ಕೆ ತಾನು ಬದ್ಧನಲ್ಲ, ತಿರುಚಿರಾಪಳ್ಳಿಯನ್ನು ಪಡೆಯದೆ ಕದಲುವುದಿಲ್ಲವೆಂದು ಉತ್ತರಕೊಟ್ಟನು. ನ್ಯಾಯದೃಷ್ಟಿಯಿಂದ ಈ ಉತ್ತರ ಸರಿಯಾದುದೇ. ಯುದ್ಧದ ಪಕ್ಷಗಾರನು ತಾನು, ಕಂಪನಿಗಳು ಸಹಾಯಕರು. ಸಹಾಯಕರು ತಮ್ಮೊಳಗೆ ರಾಜಿಯಾದ ಮಾತ್ರಕ್ಕೆ ಪಕ್ಷಗಾರನ ಹಕ್ಕು ಹೋಗುವುದು ಹೇಗೆ? ಇಂಗ್ಲಿಷರೂ ಫ್ರೆಂಚರೂ ಇಷ್ಟುದಿನ ಹೇಳುತ್ತ ಬಂದ ಮಾತನ್ನೇ ಅವನು ಅವರಿಗೆ ತಿರುಗಿಸಿ ಹೇಳಿದನು. ಆದರೆ ಆ ವೇಳೆಗೆ ಅದನ್ನು ಕೇಳುವವರು ಯಾರೂ ಉಳಿದಿರಲಿಲ್ಲ.

೧೭೫೫ರ ಏಪ್ರಿಲಿನಲ್ಲಿ ಅವನು ಕೊನೆಗೂ ಡೇರೆ ಕಿತ್ತನು. ಮೈಸೂರಿನ ಮೇಲೆ ಸುಬೇದಾರ ಸಲಾಬತ್‌ಜಂಗನ ಸೇನೆ ಬರುತ್ತಿದೆಯೆಂದು ಸುದ್ದಿ ಮುಟ್ಟಿತ್ತು. ಶ್ರೀರಂಗದ್ವೀಪ ಫ್ರೆಂಚರ ಕೈಯಲ್ಲಿ ಉಳಿಯಿತು. ಮೂರು ವರ್ಷದ ಯುದ್ಧದಿಂದ ಮೈಸೂರಿಗೆ ದಕ್ಕಿದ್ದ ಒಂದೇ ಭೂಮಿ ಅದು. ಇತ್ತ ದೇವರಾಜಯ್ಯನು ಶ್ರೀರಂಗಪಟ್ಟಣದಲ್ಲಿ ದಂಡಿಲ್ಲದೆ ಸಲಾಬತ್‌ಜಂಗನನ್ನು ಎದುರಿಸಬೇಕಾಯಿತು. ಬಾಕಿ ಪೇಷ್ಕಷಿನ ಲೆಕ್ಕದಲ್ಲಿ ೫೬ ಲಕ್ಷ ರೂಪಾಯಿಗಳಿಗೆ ಒಪ್ಪಂದವಾಯಿತು. ಬೊಕ್ಕಸದಲ್ಲಿ ಅಷ್ಟು ಹಣವೆಲ್ಲಿಯದು? ಅರಮನೆಯ ಒಡವೆ, ದೇವಸ್ಥಾನಗಳ ಚಿನ್ನಬೆಳ್ಳಿಯ ಪಾತ್ರೆಗಳನ್ನು ಕೊಟ್ಟರೂ ಸಾಲದೆ, ಉಳಿದುದಕ್ಕೆ ಪ್ರತಿಷ್ಠಿತ ಮನುಷ್ಯರನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಸಲಾಬತ್‌ಜಂಗನ ಜೊತೆಗೆ ಬಂದ ಐರೋಪ್ಯ ಪಡೆಯ ನಾಯಕನು ಬುಸ್ಸಿ. ತಿರುಚಿರಾಪಳ್ಳಿಯಲ್ಲಿ ಮೈಸೂರಿನ ಹಣದಿಂದ ಮೈಸೂರಿನ ಪಕ್ಷದಲ್ಲಿ ಕಾದಿದ್ದ ಫ್ರೆಂಚರೇ ಶ್ರೀರಂಗಪಟ್ಟಣದ ಗೋಡೆಯ ಕೆಳಗೆ ಮೈಸೂರಿನ ಹಣವನ್ನು ವಸೂಲುಮಾಡಲು ನಿಂತಿದ್ದರು. ಇಲ್ಲಿಯೂ ಅವರು ಸಹಾಯಕರು. ಯಜಮಾನನ ಹೆಸರು ಮಾತ್ರ ಬೇರೆ.

ಈ ವೃತ್ತಾಂತಕ್ಕೆ ನಮಗಿರುವ ಮುಖ್ಯ ಆಧಾರಗಳ ಸ್ವರೂಪವನ್ನು ಕುರಿತು ಒಂದು ಮಾತು. ರಾಬರ್ಟ್ ಆರ್ಮನು ೧೭೫೪ರಿಂದ ಮದರಾಸಿನ ಕೌನ್ಸಿಲಿನ ಸದಸ್ಯನಾಗಿದ್ದವನು. ಅವನ ಗ್ರಂಥದ ಮೊದಲ ಸಂಪುಟ ೧೭೬೩ರಲ್ಲಿ ಪ್ರಕಟವಾಯಿತು. ವಿಲ್ಕ್ಸನು ಐವತ್ತು ವರ್ಷಗಳ ಮೇಲೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು, ಇಲ್ಲಿಯ ಹಿರಿಯರ ಬಾಯಿಂದ ಕೇಳಿ ಬರೆದವನು. ಇಬ್ಬರೂ ನವಾಬನ ವಚನಭಂಗವನ್ನು ಮರೆಮಾಚುವುದಿಲ್ಲವೆಂಬುದು ಅವರ ಪ್ರಾಮಾಣಿಕತೆಗೆ ಭೂಷಣ. ಆದರೆ ಇಬ್ಬರ ಕಥನದಲ್ಲಿಯೂ ಮೋಸಮಾಡಿದವನು ಮಹಮ್ಮದಾಲಿ, ಮೋಸಹೋದವನು ನಂಜರಾಜ, ಕಂಪನಿಯು ಪ್ರೇಕ್ಷಕ. ಕೋಟೆಯ ಬೀಗದ ಕೈ ಯಾರ ಸೊಂಟದಲ್ಲಿತ್ತೆಂಬುದನ್ನು ಅವರ ಪುಟಗಳಿಂದಲೇ ತೋರಿಸಬಹುದಾಗಿದ್ದರೂ ಅವರು ತೋರಿಸುವುದಿಲ್ಲ. ಹಯವದನರಾಯರು ತಮ್ಮ ಬೃಹದ್ಗ್ರಂಥದಲ್ಲಿ ಈ ಪ್ರಕರಣಕ್ಕೆ ಕೊಟ್ಟ ಮಹತ್ತ್ವವನ್ನು ಅನಂತರದವರು ಮುಂದುವರಿಸದೆ ಹೋದದ್ದು ಶೋಚನೀಯ. ದೇವರಾಜಯ್ಯನ ವಿವೇಕವನ್ನು ಮೆಚ್ಚುವುದು ಸುಲಭ. ಹೋಗಲೇಬೇಡವೆಂದವನು ಯಾವಾಗಲೂ ಸರಿಯಾಗಿಯೇ ಕಾಣುತ್ತಾನೆ. ಆದರೆ ಮೈಸೂರು ಹೋಗದಿದ್ದರೂ ಆ ಎರಡು ಶಕ್ತಿಗಳಲ್ಲಿ ಒಂದು ಕರೂರಿನ ಗಡಿಗೆ ಬಂದೇ ಬರುತ್ತಿತ್ತು. ಹೋದದ್ದು ತಪ್ಪಲ್ಲ, ಒಪ್ಪಂದಕ್ಕೆ ಇಂಗ್ಲಿಷರ ರುಜುವನ್ನು ಪಡೆಯದೆ ಹೋದದ್ದು ತಪ್ಪು. ಹಾಗೆ ಕೇಳಿದ್ದಲ್ಲಿ ಸಾಂಡರ್ಸನು ಒಲ್ಲೆನೆನ್ನುತ್ತಿದ್ದನು. ಆ ‘ಒಲ್ಲೆ’ ೧೭೫೧ರಲ್ಲಿಯೇ ದೊರೆತಿದ್ದರೆ ಮೈಸೂರಿಗೆ ಒಂದು ಸೇನೆಯೂ ಒಂದು ಬೊಕ್ಕಸವೂ ಉಳಿಯುತ್ತಿದ್ದವು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ೧೭೫೭ರಲ್ಲಿ ಪೇಶ್ವೆ ಬಾಲಾಜಿರಾಯನು ಬಂದು ೩೨ ಲಕ್ಷವನ್ನು ಕೇಳಿದನು. ಹಣವಿಲ್ಲದುದರಿಂದ ತಾಲ್ಲೂಕುಗಳನ್ನು ಅಡವಿಡಬೇಕಾಯಿತು. ಸಂಬಳ ಕಾಣದ ದಂಡು ೧೭೫೮ರಲ್ಲಿ ನಂಜರಾಜಯ್ಯನ ಬಾಗಿಲಿಗೆ ಧರಣಿ ಕುಳಿತಿತು. ಆ ಸಾಲವನ್ನು ತೀರಿಸಿದವನು ಹೈದರಾಲಿ. ಅಡವಿನ ತಾಲ್ಲೂಕುಗಳಿಗಾಗಿ ಬೆಂಗಳೂರನ್ನು ಮುತ್ತಿದ ಮರಾಠರನ್ನು ಹಿಮ್ಮೆಟ್ಟಿಸಿದವನೂ ಅವನೇ. ಬೆಂಗಳೂರು ಅವನಿಗೆ ಜಹಗೀರಾಗಿ ಬಂದದ್ದು ಈ ಕಾಲದಲ್ಲಿ. ಜಯನಗರ, ಬನಶಂಕರಿಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳು ಲಾಲ್‌ಬಾಗಿನ ಬೇಲಿಯ ಮಗ್ಗುಲಲ್ಲಿ ದಿನವೂ ಹಾದುಹೋಗುತ್ತಾರೆ. ಹೈದರನು ಆ ತೋಟವನ್ನು ಹಾಕಿಸಿದನೆಂದು ಅವರೆಲ್ಲರೂ ಬಲ್ಲರು. ಹಾಕಿಸಲು ಆ ನೆಲ ಅವನ ಕೈಗೆ ಬಂದದ್ದರ ಹಿಂದೆ ಕಾವೇರಿಯ ಕೆಳದಂಡೆಯ ಕೋಟೆಯೊಂದರ ಸಾಲವಿದೆಯೆಂದು ಹೇಳಿದರೆ ಆಶ್ಚರ್ಯಪಡುತ್ತಾರೆ.

ತಿರುಚಿರಾಪಳ್ಳಿಯ ಹಕ್ಕನ್ನು ಹೈದರಾಲಿಯೂ ಬಿಡಲಿಲ್ಲ. ೧೭೬೦ರ ಜೂನಿನಲ್ಲಿ ಅವನ ಬಂಧು ಮಖ್ದೂಮ್ ಅಲಿಯು ಪುದುಚೇರಿಯಲ್ಲಿ ಲಾಲಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಯುದ್ಧ ಮುಗಿದ ಮೇಲೆ ದಕ್ಷಿಣದ ಆ ಸೀಮೆಗಳನ್ನು ಗೆಲ್ಲಲು ಫ್ರೆಂಚರು ನೆರವಾಗಬೇಕೆಂಬ ಮಾತಿತ್ತು. ಆದರೆ ಈ ಬಾರಿ ಮೈಸೂರು ಮಾತಿನ ಜೊತೆಗೆ ತ್ಯಾಗದುರ್ಗದ ಕೋಟೆಯನ್ನು ಮುಂಗಡವಾಗಿಯೇ ತನ್ನ ವಶಕ್ಕೆ ತೆಗೆದುಕೊಂಡಿತು. ಮರುವರ್ಷ ಜನವರಿಯಲ್ಲಿ ಪುದುಚೇರಿ ಇಂಗ್ಲಿಷರಿಗೆ ಶರಣಾಯಿತು.

೧೭೬೩ರ ಫೆಬ್ರವರಿ ೧೦ರಂದು ಪ್ಯಾರಿಸ್ಸಿನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳು ಶಾಂತಿಪತ್ರಕ್ಕೆ ರುಜುಹಾಕಿದವು. ಅದರ ಹನ್ನೊಂದನೆಯ ಕಲಮಿನಲ್ಲಿ ಮಹಮ್ಮದಾಲಿಯು ಆರ್ಕಾಟು ಸೀಮೆಯ ನ್ಯಾಯಸಮ್ಮತ ನವಾಬನೆಂದೂ ಸಲಾಬತ್‌ಜಂಗನು ದಖ್ಖನ್ನಿನ ನ್ಯಾಯಸಮ್ಮತ ಸುಬೇದಾರನೆಂದೂ ಎರಡು ದೇಶಗಳೂ ಒಪ್ಪಿಕೊಂಡವು. ಮೈಸೂರಿನ ಕರಾರಿನ ಪ್ರಸ್ತಾಪ ಅದರಲ್ಲಿಲ್ಲ. ಆ ರುಜು ಬೀಳುವ ಹೊತ್ತಿಗೆ ಸಲಾಬತ್‌ಜಂಗನು ತಮ್ಮನಾದ ನಿಜಾಮ್ ಅಲಿಯಿಂದ ಪದಚ್ಯುತನಾಗಿ ಬೀದರಿನ ಕೋಟೆಯಲ್ಲಿ ಸೆರೆಯಲ್ಲಿದ್ದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಯೇ ಅವನು ಕೊಲೆಯಾದನು.